ಅರವತ್ತಾರನೇ ವಿಲ್ಯಾನ್

"ಲ್ಯಾಪ್‌ಟಾಪ್ ಮುಚ್ಚಕ್ಕ! ಇಲ್ಲ ಅಂದ್ರ ಬೆರಳು ಎಣಿಸ್ಕಬೇಕಾಯ್ತದ!"

ಕುತ್ತಿಗೆಯ ಹಿಂದೆ ತಣ್ಣಗೆ ಏನೋ ತಾಗಿತು.

ಕುಡುಗೋಲು. ಬಾಳೆಗೊನೆ ಕಡಿಯುವಂಥದ್ದು. ಅದರ ಮೇಲಿನ ಸೊನೆ ಇನ್ನೂ ಆರಿರಲಿಲ್ಲ.

ಹಿಡಿದಿದ್ದವನು ಚಿಕ್ಕಮಲ್ಲಪ್ಪ. ಹೆಸರಿನಲ್ಲಷ್ಟೇ ಚಿಕ್ಕ. ಅವನು ಬಾಗಿಲಲ್ಲಿ ನಿಂತರೆ ಬಿಸಿಲು ಕೂಡ ಅಪ್ಪಣೆ ಕೇಳಿ ಒಳಗೆ ಬರಬೇಕು!

ಭಾನುವಾರ ಬೆಳಿಗ್ಗೆ ಎಂಟು ಹತ್ತು. ಗುಂಡ್ಲುಪೇಟೆಯ ಒಂದು ಬಾಳೆಮಂಡಿಯ ಮಹಡಿ. ಕೆಳಗೆ ಕೇರಳದ ಲಾರಿಗೆ ಗೊನೆ ತುಂಬುವ ಗಲಾಟೆ. ಮೇಲೆ ಗೋಡೆಯಲ್ಲಿ ಒಂದು ನೆಟ್‌ವರ್ಕ್ ಸ್ವಿಚ್, ಐದು ಕಂಪ್ಯೂಟರ್, ಐದು ಕುರ್ಚಿ, ಒಂದು ಫ್ಲಾಸ್ಕ್ ಟೀ... ಮತ್ತು ನಾನು.

ಹೆಸರು ಶಶಿರೇಖಾ. ವಯಸ್ಸು ನಲವತ್ತೊಂದು. ಕೆಲಸ, ಸ್ವಿಚ್ ನೋಡಿಕೊಳ್ಳುವುದು. ಲೈಟಿನ ಸ್ವಿಚ್ ಅಲ್ಲ ಸ್ವಾಮಿ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್. ಚಾಮರಾಜನಗರ ಜಿಲ್ಲೆಯಲ್ಲಿ ಯಾರ ನೆಟ್‌ವರ್ಕ್ ಕೆಟ್ಟರೂ ಮೊದಲು ಬೈಯುವುದು ನನ್ನನ್ನು. ಆಮೇಲೆ ಕರೆಯುವುದೂ ನನ್ನನ್ನೇ.

ಕುಡುಗೋಲು ಅಲ್ಲೇ ಇರಲಿ. ಒಂದು ದಿನ ಹಿಂದಕ್ಕೆ ಬನ್ನಿ.

ಶನಿವಾರ ಮಧ್ಯಾಹ್ನ ಬಸವಮ್ಮ ಫೋನ್ ಮಾಡಿದ್ದಳು. ಚಾಮರಾಜನಗರದ ಒಂದು ಖಾಸಗಿ ಪರೀಕ್ಷಾ ಕೇಂದ್ರದಲ್ಲಿ ಕಸ ಗುಡಿಸುವಾಕೆ. ಎರಡು ವರ್ಷದ ಹಿಂದೆ ಆ ಕೇಂದ್ರಕ್ಕೆ ಕೇಬಲ್ ಎಳೆದವಳು ನಾನೇ. ಆಗ ದಿನಾ ತನ್ನ ಬುತ್ತಿಯಲ್ಲಿ ಅರ್ಧ ಮುದ್ದೆ ನನಗೆ ಎತ್ತಿಡುತ್ತಿದ್ದಳು. ಅಂಥವಳ ಫೋನ್ ಎತ್ತದೆ ಇರುವುದುಂಟೆ?

"ಶಶವ್ವ, ನಾಳ ಇಲ್ಲಿ ಗುಮಾಸ್ತೆ ಪರೀಕ್ಷ. ನಮ್ ಮೇಘನಾನೂ ಬರೀತಾಳ. ಈ ಸಲ ಆಗ್ನಿಲ್ಲ ಅಂದ್ರ ವಯಸ್ಸು ಮೀರೋಯ್ತದ ಕಣವ್ವ."

"ಬರೀಲಿ ಬುಡು ಬಸವಮ್ಮ. ಚೆಂದಾಗಿ ಓದವ್ಳಲ್ಲ?"

"ಓದವ್ಳ. ಆದ್ರ ಓನರ್ ಸಾಮಿ ಫೋನಲ್ಲಿ ಅಂತಿದ್ರು... ಹದಿನಾಲ್ಕನೇ ಸೀಟು ಗುಂಡ್ಲುಪೇಟೆಯಿಂದ ಬರೀತದ ಅಂತ. ಸೀಟು ಎಂಗವ್ವ ಬರದಾದು?"

ಸೀಟು ಬರೆಯುವುದಿಲ್ಲ. ಆದರೆ ಸೀಟಿನ ಮುಂದಿರುವ ಕಂಪ್ಯೂಟರಿನಿಂದ ದೂರದಲ್ಲಿ ಕುಳಿತ ಮೇಷ್ಟರೊಬ್ಬ ಬರೆಸಬಹುದು!

ಸರ್ವಿಸ್ ನೆಪ ಹೇಳಿ ಸಂಜೆಯೊಳಗೆ ಕೇಂದ್ರಕ್ಕೆ ಹೋದೆ. ಸ್ವಿಚ್ಚಿಗೆ ಲ್ಯಾಪ್‌ಟಾಪ್ ಜೋಡಿಸಿದೆ. ಪಟ್ಟಿ ತೆರೆದೆ.

ಇತ್ತು... ನಾನು ಮಾಡದ ಒಂದು ವಿಲ್ಯಾನ್. ನಂಬರ್ ಅರವತ್ತಾರು.

ವಿಲನ್ ಅಲ್ಲ, ವಿಲ್ಯಾನ್. ಒಂದೇ ಕಾಲುವೆ, ನಾಲ್ಕು ಗದ್ದೆ ಅಂದುಕೊಳ್ಳಿ. ನಡುವೆ ಬದು. ಈ ಗದ್ದೆಯ ನೀರು ಆ ಗದ್ದೆಗೆ ಹೋಗಬಾರದು. ಸ್ವಿಚ್ಚಿನಲ್ಲಿ ಹಾಗೆ ಕಾಣದ ಬದು ಕಟ್ಟುವುದಕ್ಕೆ ವಿಲ್ಯಾನ್ ಅನ್ನುತ್ತೇವೆ. ಪರೀಕ್ಷೆಯ ಕಂಪ್ಯೂಟರುಗಳೆಲ್ಲ ಹತ್ತನೇ ನಂಬರಿನ ಗದ್ದೆಯಲ್ಲಿದ್ದವು. ಹೊರಗಿನ ಹನಿ ನೀರೂ ಒಳಗೆ ಬರುವಂತಿರಲಿಲ್ಲ.

ಐದು ಸೀಟು ಮಾತ್ರ ಅರವತ್ತಾರರಲ್ಲಿದ್ದವು. ಅದರ ಒಂದು ಬಾಯಿ ಪ್ರಶ್ನೆಪತ್ರಿಕೆಯ ಕಡೆಗೆ. ಇನ್ನೊಂದು ಬಾಯಿ ಗುಂಡ್ಲುಪೇಟೆಯ ಒಂದು ಬಾಳೆಮಂಡಿಗೆ ಹೋಗುವ ಲೈನಿನ ಕಡೆಗೆ. ಬದುವಿನಲ್ಲಿ ಇಲಿ ಬಿಲ ತೋಡಿತ್ತು!

ಅಳಿಸಲು ನೋಡಿದೆ. ಸ್ವಿಚ್ ಒಪ್ಪಲಿಲ್ಲ. ಯಾರೋ ಗುಂಡ್ಲುಪೇಟೆಯ ಸ್ವಿಚ್ಚನ್ನು ಯಜಮಾನ ಮಾಡಿಟ್ಟಿದ್ದರು. ಚಾಮರಾಜನಗರದ್ದು ಬರೀ ಸೊಸೆ. ಅಲ್ಲಿ ಅಳಿಸಿದರೆ ಇಲ್ಲಿಯೂ ಅಳಿಯುತ್ತದೆ. ಇಲ್ಲಿ ಅಳಿಸಲು ಬಾರದು. ಸೀಟುಗಳನ್ನು ಮಾತ್ರ ದಾಟಿಸಿ ಹೋದರೆ, ಬಿಲ ಇರುವತನಕ ರಾತ್ರಿ ಯಾರಾದರೂ ಮತ್ತೆ ಹಿಂದಕ್ಕೆ ಎಳೆದಾರು.

ಪರೀಕ್ಷೆಗೆ ನೇಮಕವಾಗಿದ್ದ ವೀಕ್ಷಕರು ಶಿವಮೂರ್ತಿ. ಅವರಿಗೆ ಫೋನ್ ಮಾಡಿದೆ.

"ಸಾರ್, ಸೆಂಟರಿನಲ್ಲಿ ಒಂದು ಕಳ್ಳ ವಿಲ್ಯಾನ್ ಇದೆ."

"ಯಾರಮ್ಮ ಅದು? ಅಭ್ಯರ್ಥಿಯೇ? ಹಾಲ್ ಟಿಕೆಟ್ ನಂಬರ್ ಹೇಳಿ."

ಫೋನ್ ಇಟ್ಟೆ.

ಬೆಳಿಗ್ಗೆ ಸ್ಕೂಟರ್ ಹತ್ತಿ ಗುಂಡ್ಲುಪೇಟೆಗೆ ಬಂದೆ. ಹೆಗಲಿಗೆ ಕೇಬಲ್ ಸುರುಳಿ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಕೇಬಲ್ ಹೊತ್ತವಳನ್ನು ಈ ದೇಶದಲ್ಲಿ ಯಾರೂ ಯಾಕೆ ಬಂದೆ ಅನ್ನುವುದಿಲ್ಲ. ಸ್ವಿಚ್ಚಿನ ಪಾಸ್‌ವರ್ಡ್ ಓನರ್ ಕಾರಿನ ನಂಬರ್. ಮೂರನೇ ಪ್ರಯತ್ನಕ್ಕೆ ಬಾಗಿಲು ತೆರೆಯಿತು. ಮೊದಲ ಕೆಲಸವಾಗಿ ಎರಡೂರಿನ ನಡುವಿನ ಲೈನಿನಿಂದ ಅರವತ್ತಾರನ್ನು ಕೆಳಗಿಳಿಸಿದೆ. ಸಂಬಂಧ ಕಡಿದುಹೋಯಿತು.

ಅಷ್ಟರಲ್ಲಿ ಕುಡುಗೋಲು.

"ಮಲ್ಲಪ್ಪಣ್ಣ, ಒಸಿ ಆ ಕಡೆ ಹಿಡ್ಕೊ. ಸೊನೆ ಅಂಟಿದ್ರೆ ಸೀರೆ ಕಲೆ ಹೋಗಲ್ಲ."

"ಸೀರ ಚಿಂತ ನಿಂಗ? ಕೂತ್ಕ! ಸಾವ್ಕಾರ್ರಿಗ ಫೋನ್ ಮಾಡ್ತೀನಿ."

ನನ್ನ ಫೋನ್ ಕಿತ್ತು ಜೇಬಿಗೆ ಹಾಕಿದ. ತನ್ನ ಫೋನಿನ ಸ್ಪೀಕರ್ ಒತ್ತಿದ. ಬೆಲ್ಲದ ಪಾಕದಂಥ ದನಿ ಕೇಳಿಸಿತು. ಕೇಂದ್ರದ ಓನರ್ ಚಂದ್ರಕುಮಾರ್.

"ಶಶಿರೇಖಾ ಅವರೇ... ತಿಂಡಿ ಆಯ್ತಾ?"

"ಆಗಿಲ್ಲ ಸಾರ್. ನಿಮ್ಮ ಮಲ್ಲಪ್ಪ ಚಟ್ನಿ ಮಾಡೋ ಯೋಚನೇಲಿದ್ದಾರೆ."

ಆತ ನಕ್ಕ. ಅಷ್ಟರಲ್ಲಿ ಕೋಣೆಗೆ ಇನ್ನೊಬ್ಬ ಬಂದ. ಕನ್ನಡಕ, ಇಸ್ತ್ರಿ ಶರ್ಟು, ಕಂಕುಳಲ್ಲಿ ಗಣಿತದ ಗೈಡು. ಟ್ಯೂಷನ್ ಮೇಷ್ಟರು ಕಿರಣ್ ಕುಮಾರ್. ಐದು ಕುರ್ಚಿಗಳಲ್ಲಿ ಒಂದು ಅವನದು. ನನ್ನನ್ನು ನೋಡಿ ಬೆವರಿದ. ಒಂದು ಕಂಪ್ಯೂಟರ್ ಮುಂದೆ ಕುಳಿತು ಒತ್ತಿ ಒತ್ತಿ ನೋಡಿದ.

"ಸಾರ್! ಹದಿನಾಲ್ಕನೇ ಸೀಟ್ ಬರ್ತಾ ಇಲ್ಲ. ಯಾವ ಸೀಟೂ ಬರ್ತಾ ಇಲ್ಲ!"

ಬೆಲ್ಲದ ಪಾಕ ಗಟ್ಟಿಯಾಯಿತು. "ಶಶಿರೇಖಾ... ಏನು ಮಾಡಿದ್ರಿ?"

ತಲೆ ಬೇಗ ಬೇಗ ಓಡಿತು. ಈಗ ಸುಮ್ಮನೆ ಅರವತ್ತಾರನ್ನು ಅಳಿಸಿದರೆ? ಅದರಲ್ಲಿರುವ ಐದು ಸೀಟುಗಳು ಅನಾಥ. ಸತ್ತ ಕಂಪ್ಯೂಟರ್. ಐವರೂ ಎದ್ದು ನಿಂತು ಅನ್ಯಾಯ ಅನ್ನುತ್ತಾರೆ. ಪರೀಕ್ಷೆ ರದ್ದು. ಮೇಘನಾಳ ವಯಸ್ಸು ಮೀರುತ್ತದೆ. ಮೊದಲು ಸೀಟುಗಳನ್ನು ಒಳ್ಳೆಯ ಗದ್ದೆಗೆ ದಾಟಿಸಬೇಕು. ಆಮೇಲೆ ಬಿಲ ಮುಚ್ಚಬೇಕು.

ಅದನ್ನು ಇವರ ಕಣ್ಣ ಮುಂದೆಯೇ ಮಾಡಬೇಕು!

"ನಾನೇನೂ ಮಾಡಿಲ್ಲ ಸಾರ್. ಈ ವಿಲ್ಯಾನ್ ಮಾಡಿದ ನಿಮ್ಮ ಹುಡುಗ ಕೆಲಸ ಅರ್ಧಂಬರ್ಧ ಮಾಡಿ ಹೋಗಿದ್ದಾನೆ. ಎಲ್ಲಿ ಅವನು?"

"ನಿನ್ನೆಯಿಂದ ಫೋನ್ ಎತ್ತುತ್ತಿಲ್ಲ."

"ಹೆದರಿ ಓಡಿದ್ದಾನೆ. ನಾನು ಸರಿ ಮಾಡ್ತೀನಿ. ಆದರೆ ಕತ್ತಿನ ಮೇಲೆ ಕತ್ತಿ ಇದ್ದರೆ ಸ್ಪೆಲಿಂಗ್ ತಪ್ಪುತ್ತೆ."

ಚಂದ್ರಕುಮಾರ್ ಯೋಚಿಸಿದ. ಹತ್ತು ಗಂಟೆಗೆ ಪರೀಕ್ಷೆ. ಬೇರೆ ದಾರಿ ಇರಲಿಲ್ಲ.

"ಮಲ್ಲಪ್ಪ, ಕುಡುಗೋಲು ಇಳಿಸು. ಪರದೆ ಮೇಲೆ ಕಣ್ಣಿಡು. ಎನ್, ಓ ಅಂತ ಎರಡು ಇಂಗ್ಲಿಷ್ ಅಕ್ಷರ ಜೊತೆಗೆ ಬಂದರೆ ಅಳಿಸ್ತಿದ್ದಾಳೆ ಅಂತ ಅರ್ಥ. ತಕ್ಷಣ ತಡಿ."

ಪಾಕದವನಿಗೂ ಸ್ವಲ್ಪ ಗೊತ್ತಿತ್ತು! ಸ್ವಿಚ್ಚಿನಲ್ಲಿ ಏನನ್ನೇ ತೆಗೆಯಬೇಕಾದರೂ ಮೊದಲು 'ನೋ' ಎಂದು ಬರೆಯಬೇಕು.

"ಎನ್ನು, ಓ," ಎಂದು ಚಿಕ್ಕಮಲ್ಲಪ್ಪ ಬಾಯಿಪಾಠ ಮಾಡಿದ. ನನ್ನ ಹೆಗಲ ಮೇಲೆ ಗಲ್ಲ ಇಡುವಷ್ಟು ಹತ್ತಿರ ಬಂದ. ಬಾಯಲ್ಲಿ ಬೀಡಿ ವಾಸನೆ.

ನಾನು ಟೈಪ್ ಮಾಡಿದೆ. ಗುಂಡ್ಲುಪೇಟೆಯಿಂದಲೇ ಚಾಮರಾಜನಗರದ ಸ್ವಿಚ್ಚಿನೊಳಗೆ ಇಳಿದೆ. ಅಳಿಸಲು ಬಾರದಿದ್ದರೂ ಸೀಟು ದಾಟಿಸಲು ಬರುತ್ತಿತ್ತು. ಹದಿನಾಲ್ಕನೇ ಸೀಟು ಹತ್ತಕ್ಕೆ. ಹದಿನೇಳು ಹತ್ತಕ್ಕೆ. ಇಪ್ಪತ್ತೆರಡು, ಇಪ್ಪತ್ತೊಂಬತ್ತು, ಮೂವತ್ತು... ಎಲ್ಲ ಹತ್ತಕ್ಕೆ. ಐವರೂ ಈಗ ಒಳ್ಳೆಯ ಮಕ್ಕಳು.

ಈಗ ಅರವತ್ತಾರು ಖಾಲಿ. ಮೇಷ್ಟರು ನೋಡಿದರೆ ಏನಾದರೂ ಕಾಣಬೇಕಲ್ಲ?

ಕೇಂದ್ರದ ಹಾಲ್‌ನಲ್ಲಿ ಒಂದು ದೊಡ್ಡ ಟಿವಿ ಇತ್ತು. ಪೋಷಕರು ಕೂರುವ ಜಾಗ. ಸೂಚನೆ ತೋರಿಸಲು ಅದರ ಹಿಂದೊಂದು ಕಂಪ್ಯೂಟರ್. ಲ್ಯಾಬಿನವುಗಳ ಜೊತೆಯಲ್ಲೇ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು. ಅದೇ ನೀಲಿ ಪರದೆ, ಅದೇ ಲಾಂಛನ, ದೂರದಿಂದ ಆಡಿಸುವ ಅದೇ ಕಳ್ಳ ಸಾಫ್ಟ್‌ವೇರ್.

ನನಗೆ ನಗು ತಡೆಯಲಾಗಲಿಲ್ಲ. ಕೆಮ್ಮಿದೆ.

ಆ ಕಂಪ್ಯೂಟರಿನ ಪೋರ್ಟ್, ಅಂದರೆ ಸ್ವಿಚ್ಚಿನಲ್ಲಿ ಅದರ ಕೇಬಲ್ ಸಿಕ್ಕಿಸಿದ ತೂತು, ಹುಡುಕಿದೆ. ಎರಡು ವರ್ಷದ ಹಿಂದೆ ನಾನೇ ಅದಕ್ಕೊಂದು ಹೆಸರಿಟ್ಟಿದ್ದೆ. ಟೈಪ್ ಮಾಡಿದೆ. ಎನ್... ಓ...

"ಬಂತು! ಎನ್ನು ಓ ಬಂತು! ಸಾವ್ಕಾರ್ರ, ಬಂದ್ಬುಡ್ತು!"

ಕುಡುಗೋಲು ಮೇಲೆದ್ದಿತು!

"ಪೂರ್ತಿ ಓದಣ್ಣ!" ಕಿರುಚಿದೆ. "ಆಮೇಲೆ ಕಡಿ!"

ಅವನು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟ. ಮೇಷ್ಟರು ಕನ್ನಡಕ ಸರಿಪಡಿಸಿಕೊಂಡು ನೋಡಿದ.

"ನೋಟಿಸ್ ಅಂತಿದೆ ಸಾರ್," ಎಂದ.

"ಯಾವ ನೋಟಿಸ್?" ಫೋನು ಗದರಿತು.

"ನಿಮ್ಮ ನೋಟಿಸ್ ಟಿವಿ ಪೋರ್ಟ್ ಸಾರ್. ಅದೇ ಅಡ್ಡ ಬರ್ತಿತ್ತು. ಪಕ್ಕಕ್ಕೆ ಸರಿಸ್ತಿದ್ದೀನಿ."

ಸುಳ್ಳಲ್ಲ. ಸರಿಸುತ್ತಲೇ ಇದ್ದೆ. ಅರವತ್ತಾರಕ್ಕೆ!

ಐದು ಸೀಟುಗಳ ವಿಳಾಸವನ್ನೂ ಆ ಒಂದೇ ಕಂಪ್ಯೂಟರಿಗೆ ಅಂಟಿಸಿದೆ. ಐದು ಮನೆಯ ಕಾಗದ ಒಂದೇ ಮನೆಗೆ ಬಂದು ಬೀಳುವ ಹಾಗೆ. ಕೊನೆಗೆ ಅರವತ್ತಾರನ್ನು ಮತ್ತೆ ಲೈನಿಗೆ ಹತ್ತಿಸಿದೆ.

"ನೋಡಿ ಮೇಷ್ಟ್ರೇ."

ಕಿರಣ್ ಕುಮಾರ್ ಒತ್ತಿದ. ನೀಲಿ ಪರದೆ. ಲಾಂಛನ. "ಬಂತು ಸಾರ್! ಹದಿನಾಲ್ಕು ಬಂತು! ಹದಿನೇಳೂ ಬಂತು!"

"ಶಭಾಷ್," ಎಂದ ಚಂದ್ರಕುಮಾರ್. "ಮಲ್ಲಪ್ಪ, ಪರೀಕ್ಷೆ ಮುಗಿಯೋವರೆಗೂ ಅಮ್ಮಾವರನ್ನ ಅಲ್ಲೇ ಕೂರಿಸು. ಟೀ ಕೊಡು."

ಟೀ ಕೊಟ್ಟ. ಸಕ್ಕರೆ ಕಡಿಮೆ. ಆದರೂ ಕುಡಿದೆ. ಉಳಿದ ನಾಲ್ವರು ಮೇಷ್ಟರೂ ಒಬ್ಬೊಬ್ಬರಾಗಿ ಬಂದು ಕುಳಿತರು.

ಗಂಟೆ ಒಂಬತ್ತು. ಹತ್ತಕ್ಕೆ ಆಟ ಬಯಲಾಗುತ್ತದೆ. ಆಗ ನಾನು ಈ ಕೋಣೆಯಲ್ಲಿ ಇರಬಾರದು. ಅಲ್ಲಿ ಟಿವಿಯ ಹತ್ತಿರ ಇರಬೇಕು. ಇಲ್ಲದಿದ್ದರೆ ಚಂದ್ರಕುಮಾರ್ ಸ್ವಿಚ್ ಒತ್ತಿ ಆರಿಸುತ್ತಾನೆ. ಈ ಸಲ ಲೈಟಿನ ಸ್ವಿಚ್!

"ಮಲ್ಲಪ್ಪಣ್ಣ..."

"ಯಾನ?"

"ಹೊರಗೆ ಹೋಗಬೇಕು."

"ಓಗಂಗಿಲ್ಲ."

"ಹೆಂಗಸರ ಕಷ್ಟ ಕಣಣ್ಣ. ಬಿಡಿಸಿ ಹೇಳಲಾ?"

ಆ ಪರ್ವತ ಕೆಂಪಾಯಿತು! ನೆಲ ನೋಡಿತು. "ಕೆಳ್ಗ... ಮಂಡಿ ಇಂದ್ಗಡ ಅದ. ಬ್ಯಾಗನ ಬುಟ್ಟೋಗು. ಬೇಗ ಬಾ."

ಕುಡುಗೋಲು ಹಿಡಿದವನಿಗೂ ಒಬ್ಬ ತಾಯಿ ಇರುತ್ತಾಳೆ. ಅವಳು ಅವನನ್ನು ಚೆನ್ನಾಗಿ ಬೆಳೆಸಿದ್ದಳು. ನನಗೆ ಬೇಜಾರಾಯಿತು. ಸೊಂಟದಲ್ಲಿ ಸಿಕ್ಕಿಸಿದ್ದ ಸ್ಕೂಟರ್ ಕೀಲಿ ಮುಟ್ಟಿ ನೋಡಿಕೊಂಡು, ಬೇಜಾರಿನಲ್ಲೇ ಮೆಟ್ಟಿಲಿಳಿದೆ.

ಸ್ಕೂಟರ್ ಸ್ಟಾರ್ಟ್ ಆಗಿದ್ದನ್ನು ಅವನು ಕೇಳಿಸಿಕೊಂಡ.

"ಏಯ್! ಅಕ್ಕೋ! ನಿಂತ್ಕ!"

ನಿಲ್ಲಲಿಲ್ಲ. ತೆರಕಣಾಂಬಿ ರಸ್ತೆ ಹಿಡಿದೆ. ಕನ್ನಡಿಯಲ್ಲಿ ಧೂಳು ಕಂಡಿತು. ಧೂಳಿನೊಳಗೆ ಜೀಪು. ನನ್ನ ಸ್ಕೂಟರಿಗೆ ಒಂಬತ್ತು ವರ್ಷ. ಇಳಿಜಾರಿನಲ್ಲಿ ಅರವತ್ತು ಹೋಗುತ್ತದೆ. ಏರಿನಲ್ಲಿ ದೇವರು ನೂಕಬೇಕು.

ಜೀಪು ಹತ್ತಿರವಾಯಿತು. ಇನ್ನೂರು ಮೀಟರ್... ನೂರು... ಹಾರ್ನ್ ಬಡಿಯಿತು. ಎತ್ತಿನಗಾಡಿಯೊಂದನ್ನು ಬಲಕ್ಕೆ ಬಳಸಿದೆ. ಜೀಪು ಎಡಕ್ಕೆ ಬಳಸಿತು. ಅವನ ಕೈ ಕಿಟಕಿಯಿಂದ ಚಾಚಿತು. ನನ್ನ ಸೆರಗಿಗೆ ಒಂದು ಗೇಣು!

ತೆರಕಣಾಂಬಿ ಬಂತು. ನನ್ನ ಹುಟ್ಟೂರು.

ಊರು ದಾಟಿದ ಮೇಲೆ ರಸ್ತೆಯ ಮೇಲೆ ಹುರುಳಿ ಹಾಸಿದ್ದರು. ಒಕ್ಕಣೆಯ ಕಾಲ. ಬಸ್ಸು, ಲಾರಿ ಹರಿದರೆ ಕಾಳು ಉದುರಲಿ ಎಂದು ಗಿಡ ಹರಡುವುದು ನಮ್ಮ ಕಡೆ ರೂಢಿ. ಬದಿಯಲ್ಲಿ ಆರೇಳು ಹೆಂಗಸರು. ನಡುವೆ ನನ್ನ ಚಿಕ್ಕಮ್ಮ ಕರಿಯಮ್ಮ, ಕೈಯಲ್ಲಿ ಕವೆಗೋಲು.

"ಯಾಕಮ್ಮಿ ಇಂಗ್ ಓಡೀಯ?"

"ಇಂದೆ ಜೀಪ್ ಬತ್ತಾದ ಚಿಕ್ಕವ್ವ! ಕುಡುಗೋಲು ಹಿಡ್ದವ್ನೆ!"

"ಬರ್ಲಿ ಬುಡು."

ರಸ್ತೆಯ ಅಂಚಿನಲ್ಲಿ ಒಂದು ಮೊಳ ಮಣ್ಣಿನ ದಾರಿ ಇತ್ತು. ಅದರಲ್ಲಿ ತೂರಿಕೊಂಡೆ. ಹಿಂದೆ ಕವೆಗೋಲುಗಳು ಮೇಲೆದ್ದವು. ಮೆದೆಯಲ್ಲಿದ್ದ ಹುರುಳಿಯೆಲ್ಲ ರಸ್ತೆಗೆ ಬಿತ್ತು. ಮೊಣಕಾಲೆತ್ತರ!

ಜೀಪು ನುಗ್ಗಿತು. ಹತ್ತು ಮಾರು ಹೋಯಿತು. ಬಳ್ಳಿ ಆಕ್ಸಲಿಗೆ ಸುತ್ತಿತು, ಸುತ್ತಿತು... ಗಕ್ ಎಂದು ನಿಂತಿತು. ಹೊಗೆ ಬಂತು.

"ನಮ್ ಉಳ್ಳಿ ಆಳ್ ಮಾಡ್ಬುಟ್ಯಲ್ಲೋ ಮೂದೇವಿ! ಇಳಿಲಾ ಕೆಳಕ್ಕ!"

ಕರಿಯಮ್ಮನ ದನಿ ಮುಂದಿನ ಊರು ಉಡಿಗಾಲ ದಾಟುವವರೆಗೂ ಕಿವಿಯಲ್ಲೇ ಇತ್ತು.

ಚಾಮರಾಜನಗರ. ಹತ್ತಕ್ಕೆ ಐದು ನಿಮಿಷ.

ಹಾಲ್ ತುಂಬ ಪೋಷಕರು. ಬಾಗಿಲಲ್ಲಿ ಒಬ್ಬ ಕಾನ್‌ಸ್ಟೇಬಲ್. ಮೇಜಿನ ಹಿಂದೆ ವೀಕ್ಷಕ ಶಿವಮೂರ್ತಿ, ಮುಂದೆ ಬಿಸ್ಕತ್ತು. ಗೋಡೆಯಲ್ಲಿ ದೊಡ್ಡ ಟಿವಿ. ನೀಲಿ ಪರದೆ, ಲಾಂಛನ. ಮೂಲೆಯಲ್ಲಿ ಬಸವಮ್ಮ ನೆಲ ಒರೆಸುತ್ತಿದ್ದಳು. ಕಣ್ಣು ಮಾತ್ರ ಲ್ಯಾಬಿನ ಬಾಗಿಲ ಮೇಲೆ. ಮೇಘನಾ ಒಳಗೆ ಹೋಗಿಯಾಗಿತ್ತು.

ಅವಳ ಪಕ್ಕಕ್ಕೆ ಹೋಗಿ ಪಿಸುಗುಟ್ಟಿದೆ. "ಟಿವಿ ಹತ್ರ ಯಾರನ್ನೂ ಬಿಡಬ್ಯಾಡ."

ಅವಳು ಬಕೆಟ್ ಎತ್ತಿಕೊಂಡು ಹೋಗಿ ಟಿವಿಯ ಮುಂದಿಟ್ಟಳು.

ಮೊಣಕೈಗೆ ಒಂದು ಕೈ ಬಿತ್ತು. ಚಂದ್ರಕುಮಾರ್. ಬಿಳಿ ಶರ್ಟು, ಗಂಧದ ಬೊಟ್ಟು.

"ಎಂಥ ಸ್ಪೀಡು ಶಶಿರೇಖಾ ಅವರೇ! ಬನ್ನಿ, ನನ್ನ ಆಫೀಸಲ್ಲಿ ಮಾತಾಡೋಣ."

"ಇಲ್ಲೇ ಕೂರ್ತೀನಿ ಸಾರ್. ಟಿವಿ ಚೆನ್ನಾಗಿ ಕಾಣುತ್ತೆ."

"ನಿಮ್ಮ ಮಾತು ಯಾರು ನಂಬ್ತಾರೆ?"

"ಯಾರೂ ನಂಬಲ್ಲ. ನಾನು ಮಾತಾಡೋದೂ ಇಲ್ಲ."

ಗಂಟೆ ಹೊಡೆಯಿತು. ಪರೀಕ್ಷೆ ಶುರು.

ಒಂದು ನಿಮಿಷ. ಏನೂ ಇಲ್ಲ. ಎರಡು ನಿಮಿಷ...

ಟಿವಿಯ ಮೇಲೆ ಮೌಸಿನ ಬಾಣ ಅಲ್ಲಾಡಿತು!

ಎಡಕ್ಕೆ ಹೋಯಿತು. ಬಲಕ್ಕೆ ಓಡಿತು. ಐದು ಜನ ಮೇಷ್ಟರು, ಒಂದೇ ಬಾಣ! ಹುಚ್ಚು ಹಿಡಿದ ನೊಣದ ಹಾಗೆ ಕುಣಿಯತೊಡಗಿತು. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ನಕ್ಕಳು. ಎಲ್ಲರೂ ತಲೆಯೆತ್ತಿದರು. ಬಿಳಿ ಹಾಳೆಯೊಂದು ತೆರೆಯಿತು. ಅಕ್ಷರ ಮೂಡಿತು.

*ಹದಿನಾಲ್ಕು, ಪ್ರಶ್ನೆ ಓಪನ್ ಮಾಡಪ್ಪ. ಕಾಣ್ತಿಲ್ಲ.*

ಒಂದೇ ಕೋಣೆಯಲ್ಲಿದ್ದರೂ, ಬರೆಯುತ್ತಿರುವವನು ಈ ತುದಿಯ ಅಭ್ಯರ್ಥಿ ಎಂದೇ ಒಬ್ಬೊಬ್ಬ ಮೇಷ್ಟರೂ ತಿಳಿದಿರಬೇಕು. ಕೆಳಗೆ ಇನ್ನೊಂದು ಸಾಲು.

*ಯಾರ್ರೀ ಅದು ನನ್ನ ಮೌಸ್ ಎಳೀತಿರೋದು? ನಾನು ಹದಿನೇಳು!*

*ನಾನು ಕಿರಣ್ ಮೇಷ್ಟ್ರು. ಗುಂಡ್ಲುಪೇಟೆ. ನೀವ್ಯಾರು?*

ಹಾಲ್‌ನಲ್ಲಿ ಒಬ್ಬರು ಜೋರಾಗಿ ಓದಿದರು. ಉಳಿದವರು ದನಿಗೂಡಿಸಿದರು. ಶಿವಮೂರ್ತಿ ಬಿಸ್ಕತ್ತನ್ನು ಟೀಯೊಳಗೇ ಬಿಟ್ಟರು.

*ಚಂದ್ರಕುಮಾರ್ ಸಾರ್‌ಗೆ ಫೋನ್ ಮಾಡ್ರಿ ಯಾರಾದ್ರೂ!*

ಮಾಡಿದರು. ಚಂದ್ರಕುಮಾರನ ಜೇಬಿನಲ್ಲಿ ಭಕ್ತಿಗೀತೆ ಮೊಳಗಿತು!

ನೂರು ತಲೆಗಳು ತಿರುಗಿದವು. ಆತ ಟಿವಿಯ ಪ್ಲಗ್ಗಿನ ಕಡೆಗೆ ನುಗ್ಗಿದ. ಎದುರಿಗೆ ಬಸವಮ್ಮ ಕೋಲನ್ನು ಅಡ್ಡ ಹಿಡಿದು ನಿಂತಿದ್ದಳು.

"ಈಗ್ತಾನೆ ಒರ್ಸಿವ್ನಿ ಸಾಮಿ. ತುಳೀಬ್ಯಾಡಿ."

"ಸರಿ ಆ ಕಡೆ!"

"ಒಣಗ್ಲಿ ಅಂದ್ನಲ್ಲ!"

ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲವೇನೋ. ಆತ ಅವಳನ್ನು ತಳ್ಳಲು ಕೈಯೆತ್ತಿದ. ಆ ಕೈಯನ್ನು ಕಾನ್‌ಸ್ಟೇಬಲ್ ಹಿಡಿದುಕೊಂಡ.

ಶಿವಮೂರ್ತಿ ನನ್ನ ಹತ್ತಿರ ಬಂದರು. "ನಿನ್ನೆ ಫೋನ್ ಮಾಡಿದ್ದು ನೀವೇನಾ? ವಿಲ್ಯಾನ್ ಅಂದರೆ ಇದೇನಾ?"

"ಹೌದು ಸಾರ್. ಹಾಲ್ ಟಿಕೆಟ್ ಇಲ್ಲದೆ ಬಂದಿದೆ."

"ಪರೀಕ್ಷೆ ನಿಲ್ಲಿಸಬೇಕಾ?"

"ಬೇಡ. ಒಳಗೆ ಎಲ್ಲ ಶುದ್ಧ. ಬಂದು ನೋಡಿ."

ಲ್ಯಾಬಿನ ಗಾಜಿನಿಂದ ಇಣುಕಿದೆವು. ಮೂವತ್ತೊಂದು ಜನ ತಲೆ ತಗ್ಗಿಸಿ ಬರೆಯುತ್ತಿದ್ದರು. ಮೇಘನಾ ತುಟಿ ಕಚ್ಚಿ ಲೆಕ್ಕ ಮಾಡುತ್ತಿದ್ದಳು. ಐದು ಜನ ಮಾತ್ರ ಕೈಕಟ್ಟಿ ಕುಳಿತಿದ್ದರು... ಮೌಸು ತಾನಾಗಿ ಓಡುತ್ತದೆ ಎಂದು ಕಾಯುತ್ತಾ! ಹದಿನಾಲ್ಕನೇ ಸೀಟಿನವನು ಅದಕ್ಕೆ ಮೆಲ್ಲಗೆ ಊದಿದ.

ಮಧ್ಯಾಹ್ನ ಒಂದಕ್ಕೆ ಪರೀಕ್ಷೆ ಮುಗಿಯಿತು. ಪೊಲೀಸರು ಮಹಜರು ಬರೆದರು. ಅರವತ್ತಾರರ ಪಟ್ಟಿಯನ್ನು ಎರಡೂ ಸ್ವಿಚ್ಚಿನಿಂದ ಪ್ರಿಂಟ್ ತೆಗೆದು ಸಹಿ ಹಾಕಿಸಿದೆ. ಟಿವಿಯ ಪೋರ್ಟನ್ನು ಅದರ ಜಾಗಕ್ಕೆ ಕಳಿಸಿದೆ. ಲೈನಿನಿಂದ ಇಳಿಸಿದೆ. ಅಲ್ಲಿನ ಕಂಪ್ಯೂಟರಿನಿಂದಲೇ ಗುಂಡ್ಲುಪೇಟೆಯ ಯಜಮಾನ ಸ್ವಿಚ್ಚಿನೊಳಗೆ ಇಳಿದು, ಎಲ್ಲರ ಮುಂದೆ, ಒಂದೇ ಸಾಲು ಬರೆದು ಎಂಟರ್ ಒತ್ತಿದೆ. ಗುಂಡ್ಲುಪೇಟೆಯಲ್ಲಿ ಹೋಯಿತು. ಚಾಮರಾಜನಗರದಲ್ಲೂ ಹೋಯಿತು.

"ಇಷ್ಟೇನಾ?" ಎಂದರು ಶಿವಮೂರ್ತಿ.

"ಇಷ್ಟೇ ಸಾರ್."

ಐವರು ಮೇಷ್ಟರು ಬಾಳೆಲಾರಿಯಲ್ಲಿ ಕೇರಳಕ್ಕೆ ಹೊರಟಿದ್ದರಂತೆ. ಚೆಕ್‌ಪೋಸ್ಟಿನಲ್ಲಿ ಗೊನೆಗಳ ನಡುವೆ ಸಿಕ್ಕಿಬಿದ್ದರು. ಚಿಕ್ಕಮಲ್ಲಪ್ಪನನ್ನು ಹುಡುಕುವ ಕಷ್ಟವಿರಲಿಲ್ಲ. ಪೊಲೀಸರು ತೆರಕಣಾಂಬಿಗೆ ಹೋದಾಗ ಕರಿಯಮ್ಮ ಅವನ ಕೈಗೆ ಮೊರ ಕೊಟ್ಟು ಹುರುಳಿ ತೂರಿಸುತ್ತಿದ್ದಳು. ಊಟವನ್ನೂ ಹಾಕಿದ್ದಳಂತೆ.

ಮೇಘನಾ ಪಾಸಾದಳು. ಪಟ್ಟಿಯಲ್ಲಿ ಕೊನೆಯಿಂದ ಮೂರನೇ ಹೆಸರು. ಹನೂರಿನಲ್ಲಿ ಪೋಸ್ಟಿಂಗ್. ಬಸವಮ್ಮ ಫೋನ್ ಮಾಡಿ ಎರಡು ನಿಮಿಷ ಅತ್ತಳು. ನನಗೂ ಕಣ್ಣಲ್ಲಿ ಧೂಳು ಬಿತ್ತು. ಮನೆಯೊಳಗೇ.

ಮೂರು ತಿಂಗಳ ಮೇಲೆ ಇನ್ನೊಂದು ಫೋನ್ ಬಂತು. ಬೆಲ್ಲದ ಪಾಕ! ಜಾಮೀನಿನ ಮೇಲೆ ಹೊರಗೆ ಬಂದಿದ್ದ.

"ಶಶಿರೇಖಾ ಅವರೇ, ಆದದ್ದು ಆಯ್ತು. ನಿಮ್ಮಂಥ ಕೈ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ನಂಜನಗೂಡಿನ ಹತ್ತಿರ ಹೊಸ ಸೆಂಟರ್ ತೆರೀತಿದ್ದೀನಿ. ಹೆಂಡತಿ ಹೆಸರಲ್ಲಿ. ಯಾರಿಗೂ ಗೊತ್ತಿಲ್ಲ. ನೆಟ್‌ವರ್ಕ್ ನೀವೇ ಮಾಡಿಕೊಡಬೇಕು."

"ಸಂತೋಷ ಸಾರ್. ಅಡ್ರೆಸ್ ಹೇಳಿ."

ಹೇಳಿದ. ಪಾಪ... ಪಿನ್‌ಕೋಡ್ ಸಮೇತ!